ಸೊಲ್ಲು ಹಿಡಿಯೋರು ಯಾರು?

ಈ ಸಲ ಮಾರಿಹಬ್ಬದ ವರಿ ಎತ್ತುವಾಗ ನಮ್ಮ ಹುಡುಗರು ಬಂದು, "ದೊಡ್ಡಪ್ಪ, ರಾತ್ರಿಗೆ ಟೌನಿಂದ ಆರ್ಕೆಸ್ಟ್ರಾ ಬರ್ತದೆ. ನಿಮ್ಮ ಮಾದಪ್ಪನ ಪದಕ್ಕೂ ಅರ್ಧ ಗಂಟೆ ಕೊಡ್ತೀವಿ" ಅಂದರು. "ನಿಮ್ಮ ಪದ" ಅಂದರಲ್ಲ, ಆ ಮಾತಿಗೇ ಇದನ್ನು ಬರೀತಾ ಇದೀನಿ. ಅದು ಯಾವಾಗ ನನ್ನೊಬ್ಬನದಾಯ್ತು?

ಮಾದಪ್ಪನ ಪದದಲ್ಲಿ ಮುಂದೆ ನಿಂತವನು ಒಂದು ಸಾಲು ಬಿಡ್ತಾನೆ, ಹಿಂದಿನವರು ಸೊಲ್ಲು ಹಿಡೀತಾರೆ. ಸೊಲ್ಲು ಹಿಡಿಯೋರಿಲ್ಲದಿದ್ದರೆ ಹಾಡುಗಾರನಿಗೆ ಉಸಿರು ಎಳೆಯೋಕೂ ಬಿಡುವಿಲ್ಲ, ಕಥೆ ಅಲ್ಲೇ ನಿಲ್ಲುತ್ತೆ. ಊರಿನ ಬಾಳೂ ಹಾಗೇ.

ಸೇಲಂ, ಧರ್ಮಪುರಿ ಕಡೆಯ ನಮ್ಮ ಹಳ್ಳಿಗಳಲ್ಲಿ ಕನ್ನಡ ಹೋಗ್ತಾ ಇದೆ ಅಂತ ಗೋಳಾಡ್ತೀವಿ. ಯಾಕೆ ಅಂದರೆ 2006ರ ಕಾನೂನು ಅಂತೀವಿ. ತಮಿಳು ಒಂದನೇ ಕ್ಲಾಸಿಂದ ಕಡ್ಡಾಯ ಆಯ್ತು, ವರ್ಷಕ್ಕೊಂದು ಕ್ಲಾಸು ಮೇಲೇರಿ ಹತ್ತನೇದಕ್ಕೆ ಮುಟ್ಟಿತು. ಕನ್ನಡ ಇಸ್ಕೂಲಿಗೆ ಪೆಟ್ಟು ಬಿತ್ತು, ನಿಜ. ಆದರೆ ನನಗೆ ಪದ ಕಲಿಸಿದ್ದು ಇಸ್ಕೂಲಲ್ಲ. ರಾಗಿ ಹೊಲದಲ್ಲಿ ಹೆಂಗಸರು ಕಳೆ ಕೀಳುವಾಗ, ಕಣದಲ್ಲಿ ಒಕ್ಕಣೆ ಮಾಡುವಾಗ ಕಿವಿಗೆ ಬಿದ್ದದ್ದು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಆ ಮುಯ್ಯಿ ಇದ್ದಾಗ ಹತ್ತು ಬಾಯಿ ಒಂದು ಕಡೆ ಸೇರ್ತಿತ್ತು. ಮುಯ್ಯಿ ಬಿಡಿ ಅಂತ ಯಾವ ಸರ್ಕಾರ ಹೇಳಿತ್ತು? ಕೂಲಿ ಬಿಸಾಕಿದರೆ ಋಣ ಇಲ್ಲ ಅಂತ ನಾವೇ ಬಿಟ್ಟೆವು. ಋಣ ಹೋಯ್ತು, ಜೊತೆಗೆ ಬಾಯಿಗೆ ಬಾಯಿ ಕೊಡೋರೂ ಹೋದರು.

ತಮಿಳರನ್ನ ಬಯ್ಯೋದೂ ಸುಲಭ. ಮಾದಪ್ಪನ ಬೆಟ್ಟಕ್ಕೆ ತಮಿಳು ಮಾತಾಡೋರೂ ನಮ್ಮ ಜೊತೆ ನಡೀತಾರೆ. ಉಘೇ ಅಂದಾಗ ಯಾರ ಬಾಯಿ ಯಾವ ಭಾಷೆ ಅಂತ ಯಾರೂ ಕೇಳೋಲ್ಲ.

1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದು ಕಾವೇರಿ ನೀರು ನಿಂತಾಗ ಎಷ್ಟೋ ಹಳ್ಳಿ ಮುಳುಗಿದವು. ನೀರು ಇಳಿದರೆ ಪಣ್ಣವಾಡಿ ಹತ್ತಿರ ಹಳೇ ಗುಡಿಯ ನಂದಿ ಈಗಲೂ ತಲೆ ಎತ್ತುತ್ತೆ. ಆ ಜನ ಮನೆಮಠ ಬಿಟ್ಟು ಮೇಲೆ ಬಂದರು, ಮತ್ತೆ ಊರು ಕಟ್ಟಿದರು, ಮತ್ತೆ ಹಬ್ಬ ಮಾಡಿದರು. ನೀರಿಲ್ಲದೆ ಮುಳುಗ್ತಿರೋದು ನಾವು.

ಮಳೆ ನಂಬಿದ ಹೊಲದಲ್ಲಿ ಹೊಟ್ಟೆ ತುಂಬೋಲ್ಲ ಅಂತ ಹುಡುಗರು ಬೆಂಗಳೂರು, ತಿರುಪ್ಪೂರು ಅಂತ ದುಡಿಯೋಕೆ ಹೋಗ್ತಾರೆ. ಅದಕ್ಕೆ ಬಯ್ಯೋಲ್ಲ. ಹಬ್ಬಕ್ಕೆ ಬಂದ ಎರಡು ದಿನವೂ ನೆಂಟರ ಹಾಗೆ ಕುರ್ಚಿ ಮೇಲೆ ಕೂತು ಫೋನ್ ಹಿಡೀತಾರಲ್ಲ, ಅದಕ್ಕೆ ಬಯ್ತೀನಿ. ಹಬ್ಬ ನೋಡೋರೇ ಎಲ್ಲ ಆದರೆ ಮಾಡೋರು ಯಾರು? ತಪ್ಪು ನಮ್ಮದೂ ಇದೆ. "ನಿಮಗೆ ಬರೋಲ್ಲ, ಸುಮ್ನಿರ್ರೋ" ಅಂತ ಅವರನ್ನ ಹಿಂದಕ್ಕೆ ತಳ್ಳಿದವರು ನಾವೇ ಹಾಡುಗಾರರು. ನಾನೂ ತಳ್ಳಿದೀನಿ.

ಆರ್ಕೆಸ್ಟ್ರಾ ಬರಲಿ, ನಾನು ಅಡ್ಡ ಬರೋಲ್ಲ. ನನಗೆ ಕೊಟ್ಟ ಅರ್ಧ ಗಂಟೆಯನ್ನ ಊರಿಗೆ ಕೊಡಿ. ಮೈಕು ಬೇಡ, ಕುರ್ಚಿ ಬೇಡ, ಎಲ್ಲರೂ ನಿಲ್ಲಿ. ಅದಕ್ಕೆ ಮುಂಚೆ ಸೋಮವಾರ ಸಂಜೆ ಈ ಓದೋ ಮನೆ ಜಗುಲಿಗೆ ಬನ್ನಿ, ಮಕ್ಕಳನ್ನೂ ಕರ್ಕೊಂಡು ಬನ್ನಿ. ಕಥೆಯೆಲ್ಲ ನೀವು ಕಲಿಯಬೇಕಾಗಿಲ್ಲ. ಸೊಲ್ಲು ಹಿಡಿದರೆ ಸಾಕು. ಮುಂದಿನ ಸಾಲು ಬಿಡೋಕೆ ಇನ್ನೂ ನನಗೆ ಉಸಿರಿದೆ.