ಸಂತ್ರಸ್ತ ಮಗುವಿಗೆ ಬೆಳಗಾವಿ ಬಲು ದೂರ

ಅಂಕಲಿ, ಕಾಗವಾಡ, ಅಥಣಿ ಸೀಮೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮೊದಲು ನೆನಪಾಗುವುದು ಗಡಿಯಾಚೆ ಮಹಾರಾಷ್ಟ್ರದ ಮೀರಜ್. ಆದರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಬೇಕಾದ ಮಕ್ಕಳ ಕಲ್ಯಾಣ ಸಮಿತಿ, ಮಕ್ಕಳ ರಕ್ಷಣಾ ಘಟಕ, ಪೋಕ್ಸೊ ವಿಶೇಷ ನ್ಯಾಯಾಲಯ ಇರುವುದು ಬೆಳಗಾವಿಯಲ್ಲಿ. ಅಥಣಿಯ ಕುಟುಂಬಕ್ಕೆ ಅದು ನೂರು ಕಿಲೋಮೀಟರಿಗೂ ಮೀರಿದ ದಾರಿ. ಒಂದು ತಾರೀಖೆಂದರೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಮಗುವಿಗೆ ಶಾಲೆ ಖೋತಾ. ಮೇಲೆ, 'ಎಲ್ಲಿಗೆ ಹೊಂಟೀರಿ?' ಎಂಬ ಓಣಿಯವರ ಪ್ರಶ್ನೆ.

2012ರ ನವೆಂಬರ್ 14ರಂದು ಜಾರಿಗೆ ಬಂದ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ಕೊರತೆ ಹುಡುಕುವುದು ಕಷ್ಟ. ಮಗುವಿನ ಹೇಳಿಕೆಯನ್ನು ಪೊಲೀಸರು ಸಮವಸ್ತ್ರವಿಲ್ಲದೆ, ಮಗು ಒಪ್ಪುವ ಜಾಗದಲ್ಲಿ ದಾಖಲಿಸಬೇಕು. ಪ್ರಕರಣದ ಮಾಹಿತಿ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ಮುಟ್ಟಬೇಕು. 2020ರ ನಿಯಮಗಳ ಪ್ರಕಾರ, ತನಿಖೆಯಿಂದ ವಿಚಾರಣೆ ಮುಗಿಯುವವರೆಗೆ ಮಗುವಿನ ಜೊತೆಗಿರಲು ಸಮಿತಿ ಒಬ್ಬ 'ಬೆಂಬಲ ವ್ಯಕ್ತಿ'ಯನ್ನು ಕೊಡಬಹುದು. ಮಗು ಮತ್ತೆ ಶಾಲೆಗೆ ಹೋಗುತ್ತಿದೆಯೇ, ಮನೆಯಲ್ಲಿ ಪರಿಸ್ಥಿತಿ ಹೇಗಿದೆ ಎಂದು ಆ ವ್ಯಕ್ತಿ ತಿಂಗಳು ತಿಂಗಳು ವರದಿ ಮಾಡಬೇಕು. ಬೆಂಬಲ ವ್ಯಕ್ತಿ ಬೇಕೇ ಎಂಬುದನ್ನು ಪೋಷಕರ ವಿವೇಚನೆಗೆ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿತು. ಬೆಂಬಲ ವ್ಯಕ್ತಿಗೆ ಕುಶಲ ಕಾರ್ಮಿಕರಿಗಿಂತ ಕಡಿಮೆಯಿಲ್ಲದ ಸಂಭಾವನೆ ಕೊಡಿ ಎಂದೂ ಸೂಚಿಸಿತು.

ಅದೇ ನಿಯಮಗಳಲ್ಲಿ ಊರಿನವರಿಗೆ ಗೊತ್ತೇ ಇಲ್ಲದ ಇನ್ನೊಂದು ಅಂಶವಿದೆ. ಊಟ, ಬಟ್ಟೆ, ಪ್ರಯಾಣದಂಥ ತುರ್ತು ಖರ್ಚಿಗೆ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದೊಳಗೆ ಹಣ ಕೊಡಬೇಕು. ಇದು ಪರಿಹಾರಧನವಲ್ಲ, ತೀರ್ಪಿಗಾಗಿ ಕಾಯಬೇಕಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಗೆ ಆ ಹಣ ಕೈಗೆ ಬಂದರೆ ಆಕೆ ಕೋರ್ಟಿಗೆ ಬರುತ್ತಾಳೆ. ಬಾರದಿದ್ದರೆ ರಾಜಿ ಪಂಚಾಯಿತಿಯ ಹಿರಿಯರು ಮನೆಗೆ ಬರುತ್ತಾರೆ. ಸಾಕ್ಷಿ ತಿರುಗಿಬಿತ್ತೆಂದು ಆಮೇಲೆ ತಾಯಿಯನ್ನು ದೂರುವುದು ಸುಲಭ. ಆರೋಪಿ ಸಂಬಂಧಿಕನೋ ಪಕ್ಕದ ಮನೆಯವನೋ ಆದಾಗ ಆಕೆ ಯಾರ ಆಸರೆಯಲ್ಲಿ ನಿಲ್ಲಬೇಕಿತ್ತು?

ಕಬ್ಬು ಕಡಿಯುವ ಗ್ಯಾಂಗ್‌ಗಳ ಮಕ್ಕಳ ಕತೆ ಇನ್ನೂ ತೊಡಕಿನದು. ಹಂಗಾಮು ಮುಗಿದೊಡನೆ ಕುಟುಂಬ ಬೇರೆ ಜಿಲ್ಲೆಗೋ ಮಹಾರಾಷ್ಟ್ರಕ್ಕೋ ಹೋಗಿರುತ್ತದೆ, ಸಮನ್ಸ್ ಖಾಲಿ ಗುಡಿಸಲಿಗೆ ಬರುತ್ತದೆ. ನ್ಯಾಯಾಲಯ ಪ್ರಕರಣವನ್ನು ಪರಿಗಣನೆಗೆ ತೆಗೆದುಕೊಂಡ 30 ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕೆಂಬ ನಿಯಮ ಇಂಥ ಮಕ್ಕಳಿಗಾದರೂ ಚಾಚೂ ತಪ್ಪದೆ ಪಾಲನೆಯಾಗಬೇಕು. ಇನ್ನು ಗಡಿ. ಸಂತ್ರಸ್ತರಿಗೆ ಖಾಸಗಿ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಬೇಕೆಂಬ ಕಾನೂನು ಮೀರಜ್‌ಗೂ ಅನ್ವಯಿಸುತ್ತದೆ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಶೂನ್ಯ ಎಫ್‌ಐಆರ್ ದಾಖಲಿಸಬಹುದು. ಅಲ್ಲಿನ ಮರಾಠಿ ವರದಿ ಇಲ್ಲಿನ ಠಾಣೆಗೆ ತಲುಪುವವರೆಗೆ ಅದರ ಬೆನ್ನು ಹತ್ತುವವರು ಮಾತ್ರ ಬೇಕು.

ಹಾಗಾಗಿ ಹೊಸ ಕಟ್ಟಡಕ್ಕಿಂತ ಮೊದಲು ಬೇಕಿರುವುದು ಜನ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗೆ ತಲಾ ಇಬ್ಬರು ಬೆಂಬಲ ವ್ಯಕ್ತಿಗಳು, ಕನ್ನಡ–ಮರಾಠಿ ಎರಡೂ ಬಲ್ಲವರು, ಸಂಬಳ ಪಡೆಯುವವರು. ಶಿಕ್ಷಣ ಇಲಾಖೆ ಚಿಕ್ಕೋಡಿಯನ್ನು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ ಎಂದು ಎಂದೋ ಒಪ್ಪಿದೆ; ಮಕ್ಕಳ ಕಲ್ಯಾಣ ಸಮಿತಿಯೂ ನಿಗದಿತ ದಿನಗಳಲ್ಲಿ ಅಲ್ಲೇ ಕಲಾಪ ನಡೆಸಲಿ. ತಾಲ್ಲೂಕು ಆಸ್ಪತ್ರೆಗಳ ಮಾನಸಿಕ ಆರೋಗ್ಯದ 'ಮನೋಚೈತನ್ಯ' ಕ್ಲಿನಿಕ್‌ನಲ್ಲಿ ಈ ಮಕ್ಕಳಿಗೆ ಬೇರೆ ವೇಳೆ ಮೀಸಲಿಡಬೇಕು. ಊರವರೆಲ್ಲ ಕೂತಿರುವ ಹೊರರೋಗಿಗಳ ಸಾಲಿನಲ್ಲಿ ಹೆಸರು ಕೂಗಿದರೆ ಯಾವ ಮಗು ಎರಡನೇ ಸಲ ಬಂದೀತು? ಆಪ್ತ ಸಮಾಲೋಚನೆ ತೀರ್ಪಿನ ದಿನಕ್ಕೇ ನಿಲ್ಲಲೂಬಾರದು. ಕಟಕಟೆಯಲ್ಲಿ ಗಟ್ಟಿಯಾಗಿ ಮಾತಾಡಿದ ಹುಡುಗಿ ಆರೋಪಿಗೆ ಜಾಮೀನು ಸಿಕ್ಕ ವಾರದಿಂದ ಶಾಲೆ ಬಿಡಬಹುದು.

ಚಿಕ್ಕೋಡಿ ಪ್ರತ್ಯೇಕ ಜಿಲ್ಲೆಯಾಗಲಿ ಎಂದು ಹೋರಾಡುವವರು ತಮ್ಮ ಮನವಿಪತ್ರದಲ್ಲಿ ಈ ಬೇಡಿಕೆಯನ್ನೂ ಸೇರಿಸಲಿ. ಇದಕ್ಕೆ ಜಿಲ್ಲೆ ಆಗುವವರೆಗೆ ಕಾಯಬೇಕಿಲ್ಲ, ಜಿಲ್ಲಾಡಳಿತ ಮನಸ್ಸು ಮಾಡಿದರೆ ಸಾಕು. ಅಲ್ಲಿಯವರೆಗೆ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಿದರಷ್ಟೇ ಸಾಲದು. ಕರೆ ಮಾಡಬೇಕಾಗಿ ಬಂದಾಗ ಹಿಂಜರಿಯದೆ ಮಾಡಲಿ.