ಹಚ್ಚೆ: ಸೂಜಿಗೆ ಮುನ್ನ ಮೌನ, ಸೂಜಿಯ ನಂತರ ಶಾಪವೇ?

ಕಳೆದ ಈದ್‌ನ ನಂತರದ ಮೊದಲ ಜುಮಾ. ಕಳಸಾಪುರದ ನಮ್ಮ ಮಸೀದಿಯಲ್ಲಿ ವುಝೂ ಮಾಡುವ ನಲ್ಲಿಗಳ ಮುಂದೆ ಜನ ಸಾಲಾಗಿ ಕುಳಿತಿದ್ದರು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ನಮ್ಮೂರಿನ ಯುವಕನೊಬ್ಬ ರಜೆಗೆಂದು ಬಂದಿದ್ದ. ಮೊಣಕೈವರೆಗೆ ತೊಳೆಯಲು ಅವನು ತೋಳನ್ನು ಮೇಲೇರಿಸಿದಾಗ ಮುಂಗೈಯ ಮೇಲಿನ ಹೊಸ ಹಚ್ಚೆ ಎಲ್ಲರ ಕಣ್ಣಿಗೆ ಬಿತ್ತು. ಅದು ಅವನ ತಾಯಿಯ ಹೆಸರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸುತ್ತಲಿನವರಿಗೆಲ್ಲ ಕೇಳುವಂತೆ, “ಇದು ಇರೂತನಕ ನಿನ್ನ ವುಝೂನೂ ಆಗೂದಿಲ್ಲ, ನಮಾಝೂ ಆಗೂದಿಲ್ಲ ನೋಡು” ಎಂದುಬಿಟ್ಟರು. ಯುವಕ ತೋಳನ್ನು ಇಳಿಸಿಕೊಂಡ. ಖುತ್ಬಾ ಆರಂಭವಾಗುವ ಹೊತ್ತಿಗೆ ಅವನು ಸಾಲಿನಲ್ಲಿರಲಿಲ್ಲ.

ಅಂದು ಸಂಜೆ ಅವನ ಮನೆಗೆ ಹೋದೆ. ಬಹಳ ಹೊತ್ತು ಮಾತಾಡದೆ ಕುಳಿತಿದ್ದ ಅವನು ಕೊನೆಗೆ ಒಂದೇ ಪ್ರಶ್ನೆ ಕೇಳಿದ: “ಇಷ್ಟ ದೊಡ್ಡ ತಪ್ಪಾಗಿದ್ರ, ಹಾಕ್ಸಿಕೊಳ್ಳೂಕಿಂತ ಮೊದಲ ಯಾರೂ ಯಾಕ ಹೇಳಲಿಲ್ಲ, ಚಾಚಾ?”

ನನ್ನಲ್ಲಿ ಉತ್ತರವಿರಲಿಲ್ಲ. ಹಚ್ಚೆ ಹಾಕಿಸಿಕೊಂಡದ್ದು ಆ ಯುವಕನ ತಪ್ಪು, ಸರಿ. ಆದರೆ ಹೇಳಬೇಕಾದ ಹೊತ್ತಿನಲ್ಲಿ ಹೇಳದೆ, ಹೇಳಬಾರದ ರೀತಿಯಲ್ಲಿ ಹೇಳಿದ ತಪ್ಪು ನಮ್ಮದು. ಅವನು ಎದ್ದು ಹೋಗುವಾಗ ಸುಮ್ಮನೆ ನೋಡುತ್ತಿದ್ದವರಲ್ಲಿ ನಾನೂ ಒಬ್ಬ.

ಧರ್ಮ ಏನು ಹೇಳುತ್ತದೆ?

ಮೊದಲಿಗೆ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಶಾಶ್ವತವಾದ ಹಚ್ಚೆಯನ್ನು ಇಸ್ಲಾಮ್ ನಿಷೇಧಿಸಿದೆ. ಅಲಂಕಾರಕ್ಕಾಗಿ ಹಚ್ಚೆ ಚುಚ್ಚುವವರ ಮೇಲೂ ಚುಚ್ಚಿಸಿಕೊಳ್ಳುವವರ ಮೇಲೂ ಅಲ್ಲಾಹನ ಶಾಪವಿದೆ ಎಂಬ ಕಠಿಣ ಎಚ್ಚರಿಕೆ ಸಹೀಹ್ ಬುಖಾರಿ ಮತ್ತು ಸಹೀಹ್ ಮುಸ್ಲಿಮ್‌ಗಳಲ್ಲಿ ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ಅವರಿಂದ ವರದಿಯಾಗಿದೆ. ಅಲ್ಲಾಹನ ಸೃಷ್ಟಿಯನ್ನು ಬದಲಾಯಿಸುವುದೇ ಅದಕ್ಕೆ ನೀಡಲಾದ ಕಾರಣ. ಮನುಷ್ಯರನ್ನು ದಾರಿ ತಪ್ಪಿಸಿ ಅಲ್ಲಾಹನ ಸೃಷ್ಟಿಯನ್ನು ಮಾರ್ಪಡಿಸುವಂತೆ ಪ್ರೇರೇಪಿಸುವೆನೆಂದು ಶೈತಾನನು ಪಣ ತೊಟ್ಟ ಸಂಗತಿ ಕುರ್‌ಆನಿನ ಅನ್ನಿಸಾ ಅಧ್ಯಾಯದ 119ನೇ ಸೂಕ್ತದಲ್ಲಿದೆ. ಶರೀರ ನಮ್ಮ ಒಡೆತನದ ವಸ್ತುವಲ್ಲ. ಅದು ಅಲ್ಲಾಹನು ನಮಗೆ ಒಪ್ಪಿಸಿರುವ ಅಮಾನತ್ತು. ಅಮಾನತ್ತನ್ನು ಪಡೆದುಕೊಂಡಂತೆಯೇ ಮರಳಿಸುವುದು ಸತ್ಯವಿಶ್ವಾಸಿಯ ಕರ್ತವ್ಯ.

ಇದೇ ಹದೀಸ್‌ನೊಂದಿಗೆ ಒಂದು ಪ್ರಸಂಗವೂ ಇದೆ. ಇಬ್ನ್ ಮಸ್‌ಊದ್(ರ) ಅವರ ಮಾತು ಬನೂ ಅಸದ್ ಗೋತ್ರದ ಉಮ್ಮು ಯಅಕೂಬ್ ಎಂಬ ಮಹಿಳೆಯ ಕಿವಿಗೆ ಬಿತ್ತು. ಕುರ್‌ಆನನ್ನು ಆರಂಭದಿಂದ ಕೊನೆಯವರೆಗೆ ಓದಿದ್ದ ಆಕೆ ನೇರವಾಗಿ ಅವರ ಬಳಿಗೆ ಬಂದು, ತಾನು ಓದಿದ್ದರಲ್ಲಿ ಇದು ಎಲ್ಲಿಯೂ ಕಾಣಲಿಲ್ಲವಲ್ಲ ಎಂದು ಕೇಳಿದರು. ಪ್ರಶ್ನಿಸಲು ನೀನಾರು ಎಂದು ಅವರು ಗದರಲಿಲ್ಲ. ಪ್ರವಾದಿಯವರು(ಸ) ಕೊಟ್ಟುದನ್ನು ಸ್ವೀಕರಿಸಬೇಕು, ತಡೆದುದರಿಂದ ದೂರವಿರಬೇಕು ಎಂಬ ಅಲ್‌ಹಶ್ರ್ ಅಧ್ಯಾಯದ 7ನೇ ಸೂಕ್ತದ ಆದೇಶವನ್ನು ನೆನಪಿಸಿದರು. ನಿಮ್ಮ ಮನೆಯಲ್ಲೇ ಇಂಥದ್ದು ನಡೆಯುತ್ತಿರಬಹುದು ಎಂದು ಆಕೆ ಶಂಕಿಸಿದಾಗ, ಒಳಗೆ ಹೋಗಿ ನೋಡಿ ಎಂದರು. ಆಕೆ ಹೋಗಿ ನೋಡಿದರು; ಅಂಥದ್ದೇನೂ ಇರಲಿಲ್ಲ. ಪ್ರಶ್ನೆಗೆ ಪುರಾವೆಯಿಂದ ಉತ್ತರಿಸಿ, ಸ್ವಂತ ಮನೆಯನ್ನೇ ಪರೀಕ್ಷೆಗೆ ತೆರೆದಿಟ್ಟ ಆ ಮಾದರಿ ಇಂದಿನ ನಮ್ಮ ಮನೆಗಳಲ್ಲಿ ಎಷ್ಟು ಉಳಿದಿದೆ?

ಅಜ್ಜಿಯ ಕೈಯ ಹಸಿರು ಚುಕ್ಕೆಗಳು

ಹಚ್ಚೆ ನಮ್ಮ ಸೀಮೆಗೆ ಪಟ್ಟಣದ ಸ್ಟುಡಿಯೋಗಳಿಂದ ಬಂದದ್ದಲ್ಲ. ಒಂದು ಕಾಲದಲ್ಲಿ ಕೊರವರ ಹೆಂಗಸರು ಊರೂರು ಸುತ್ತಿ, ಮನೆಯ ಕಟ್ಟೆಯ ಮೇಲೆ ಕುಳಿತು, ಜೋಳವನ್ನೋ ಹಳೆಯ ಸೀರೆಯನ್ನೋ ಪಡೆದು ಹಚ್ಚೆ ಚುಚ್ಚುತ್ತಿದ್ದರು. ನನ್ನ ಅಜ್ಜಿಯ ಮುಂಗೈಯಲ್ಲೂ ಹಸಿರು ಚುಕ್ಕೆಗಳ ಒಂದು ಸಾಲು ಇತ್ತು. ಸತ್ತ ಮೇಲೆ ಮೈಮೇಲಿನ ಬಂಗಾರವನ್ನೆಲ್ಲ ಕಳಚಿಕೊಳ್ಳುತ್ತಾರೆ, ಜೊತೆಗೆ ಬರುವ ಒಡವೆ ಹಚ್ಚೆ ಒಂದೇ ಎಂಬ ನಂಬಿಕೆ ಆ ಕಾಲದ ಹೆಂಗಸರಲ್ಲಿತ್ತು. ಓದುಬರಹವಿಲ್ಲದ, ದೀನಿನ ಶಿಕ್ಷಣ ಹೆಣ್ಣುಮಕ್ಕಳ ತನಕ ತಲುಪದಿದ್ದ ದಿನಗಳವು.

ಅಜ್ಜಿ ತೀರಿಕೊಂಡಾಗ ಗುಸ್ಲ್ ಮಾಡಿಸಿದವರಲ್ಲಿ ನನ್ನ ತಾಯಿಯೂ ಇದ್ದರು. ಆ ಚುಕ್ಕೆಗಳ ಮೇಲೆ ಮೂರು ಬಾರಿ ನೀರು ಹರಿಸುವಾಗ ಯಾರೂ ಒಂದು ಮಾತನ್ನೂ ಆಡಲಿಲ್ಲ ಎಂದು ಅವರು ಹೇಳುತ್ತಿದ್ದರು. ಬಿಳಿಯ ಕಫನ್ ಸುತ್ತಿ, ಜನಾಝಾ ನಮಾಝ್ ನಿರ್ವಹಿಸಿ ಮಣ್ಣಿಗೆ ಒಪ್ಪಿಸಲಾಯಿತು. ಮೃತರನ್ನು ಕಬರ್‌ವರೆಗೆ ಹಿಂಬಾಲಿಸುವ ಮೂರರಲ್ಲಿ ಕುಟುಂಬ ಮತ್ತು ಸಂಪತ್ತು ಮರಳಿ ಹೋಗುತ್ತವೆ, ಕರ್ಮ ಮಾತ್ರ ಉಳಿಯುತ್ತದೆ ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಒಡವೆಯೂ ಬರುವುದಿಲ್ಲ, ಹಚ್ಚೆಯೂ ಬರುವುದಿಲ್ಲ. ಇದನ್ನು ಅಜ್ಜಿಗೆ ಬಾಲ್ಯದಲ್ಲಿ ಯಾರೂ ತಿಳಿಸಿರಲಿಲ್ಲ. ಆದರೆ ಮೊಮ್ಮಕ್ಕಳಿಗೆ ತಿಳಿಸಲು ನಮಗೇನು ಅಡ್ಡಿಯಿತ್ತು? ಅಜ್ಜಿಯ ವಿಷಯದಲ್ಲಿ ನಾವು ತೋರಿದ ಮೃದುತ್ವ ಆ ಯುವಕನ ವಿಷಯದಲ್ಲಿ ಏಕೆ ಬರಲಿಲ್ಲ?

ಸೂಜಿಯ ಕೆಳಗೆ ಕೈಯಿಡುವ ಮುನ್ನ

ಧರ್ಮದ ಆದೇಶವೊಂದೇ ನಮಗೆ ಸಾಕು. ಆದರೂ ಆದೇಶದ ಹಿಂದಿರುವ ಹಿತವನ್ನು ಅರಿತರೆ ಮನಸ್ಸು ದೃಢವಾಗುತ್ತದೆ. ಹಚ್ಚೆಯ ಸೂಜಿ ಚರ್ಮದ ಮೇಲ್ಪದರವನ್ನು ದಾಟಿ ಅದರ ಕೆಳಗಿನ ಜೀವಂತ ಪದರಕ್ಕೆ ಬಣ್ಣವನ್ನು ಸೇರಿಸುತ್ತದೆ. ಮೇಲ್ಪದರ ಕಾಲಕಾಲಕ್ಕೆ ಉದುರಿ ಹೊಸದಾಗುತ್ತದೆ, ಒಳಪದರ ಹಾಗಲ್ಲ. ಹಚ್ಚೆ ಅಳಿಯದಿರುವುದು ಈ ಕಾರಣಕ್ಕೆ. ಹೊರಗಿನ ವಸ್ತುವೆಂದು ಗುರುತಿಸಿದ ರಕ್ಷಣಾ ಕೋಶಗಳು ಬಣ್ಣದ ಕಣಗಳನ್ನು ನುಂಗಿ ಅಲ್ಲೇ ಹಿಡಿದಿಡುತ್ತವೆ, ಕೆಲವು ಕಣಗಳು ದುಗ್ಧಗ್ರಂಥಿಗಳವರೆಗೂ ಸಾಗುತ್ತವೆ.

ಆ ಬಣ್ಣದಲ್ಲಿ ಏನಿದೆ? 2025ರ ಆರಂಭದಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಹಚ್ಚೆಯ ಬಣ್ಣದ ಮಾದರಿಗಳಲ್ಲಿ ಸೆಲೆನಿಯಂ, ಕ್ರೋಮಿಯಂ, ಆರ್ಸೆನಿಕ್ ಮೊದಲಾದ 22 ಲೋಹಗಳು ಪತ್ತೆಯಾಗಿವೆಯೆಂದು ತಿಳಿಸಿ, ಈ ಬಣ್ಣಗಳಿಗೆ ಗುಣಮಟ್ಟದ ನಿಯಮ ರೂಪಿಸುವಂತೆ ಕೇಂದ್ರ ಸರಕಾರಕ್ಕೆ ಪತ್ರ ಬರೆಯುವುದಾಗಿ ಹೇಳಿದರು. ಯುರೋಪಿನ ಒಕ್ಕೂಟವು 2022ರ ಜನವರಿಯಿಂದ ಹಚ್ಚೆಯ ಬಣ್ಣಗಳಲ್ಲಿ ಬಳಸುವ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹೇರಿದೆ. ಹಣೆಗೆ ಹಚ್ಚುವ ಔಷಧದ ಡಬ್ಬಿಯ ಮೇಲೂ ತಯಾರಿಕೆಯ ದಿನಾಂಕ ನೋಡುವ ನಾವು, ರಕ್ತದೊಂದಿಗೆ ಬೆರೆಯುವ ಬಣ್ಣದ ಬಾಟಲಿಯ ಮೇಲೆ ಏನು ಬರೆದಿದೆಯೆಂದು ಕೇಳುವುದಿಲ್ಲ.

ಅಪಾಯದಲ್ಲಿ ಸೂಜಿಯ ಪಾಲೂ ಇದೆ. ಜಾತ್ರೆ ಉರುಸುಗಳಲ್ಲಿ ರಸ್ತೆಯ ಬದಿಗೆ ಬ್ಯಾಟರಿಯ ಯಂತ್ರವಿಟ್ಟುಕೊಂಡು ಕೂರುವವರು ಒಬ್ಬರಿಗೆ ಬಳಸಿದ ಸೂಜಿಯನ್ನೇ ಮತ್ತೊಬ್ಬರಿಗೆ ಬಳಸಿದರೆ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಸೋಂಕುಗಳು ರಕ್ತದ ಮೂಲಕ ಹರಡಬಲ್ಲವು. ಹಚ್ಚೆ ಹಾಕಿಸಿಕೊಂಡವರು ನಂತರದ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ ಎಂಬ ನಿಯಮ ನಮ್ಮ ದೇಶದ ರಕ್ತನಿಧಿಗಳಲ್ಲಿರುವುದು ಇದಕ್ಕಾಗಿಯೇ. ಅಪಘಾತವಾದ ಅಣ್ಣನಿಗೋ ಹೆರಿಗೆಯ ಸಂಕಟದಲ್ಲಿರುವ ತಂಗಿಗೋ ರಕ್ತ ಬೇಕಾದಾಗ, ಒಂದು ಚಿತ್ರದ ಕಾರಣಕ್ಕೆ ಹಿಂದೆ ನಿಲ್ಲಬೇಕಾದೀತು.

ಸೈನ್ಯಕ್ಕೆ ಸೇರಬೇಕೆಂದು ಬೆಳಗಿನ ಜಾವ ಓಟದ ಅಭ್ಯಾಸ ಮಾಡುವ ಹುಡುಗರು ನಮ್ಮ ಜಿಲ್ಲೆಯಲ್ಲಿ ಬಹಳ. ಬುಡಕಟ್ಟು ಸಮುದಾಯಗಳಿಗೆ ನೀಡಿರುವ ವಿನಾಯಿತಿಯ ಹೊರತು, ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಬದಿಯನ್ನು ಬಿಟ್ಟು ಬೇರೆಡೆ ಶಾಶ್ವತ ಹಚ್ಚೆಯಿದ್ದವರನ್ನು ಸೇನಾ ನೇಮಕಾತಿಯಲ್ಲಿ ಸ್ವೀಕರಿಸುವುದಿಲ್ಲ. ಬೇಡವಾದಾಗ ಲೇಸರ್‌ನಿಂದ ಅಳಿಸಿದರಾಯಿತು ಎನ್ನುವವರಿದ್ದಾರೆ. ಅದಕ್ಕೆ ವಾರಗಳ ಅಂತರದಲ್ಲಿ ಹಲವು ಬಾರಿ ಹೋಗಬೇಕು, ಹಾಕಿಸಲು ಕೊಟ್ಟದ್ದಕ್ಕಿಂತ ಎಷ್ಟೋ ಪಾಲು ಹಣ ಸುರಿಯಬೇಕು. ಕಪ್ಪು ಬಣ್ಣ ಬೇಗ ಮಾಸುತ್ತದೆ, ಹಸಿರು ಹಳದಿಗಳು ಹಟ ಮಾಡುತ್ತವೆ. ನಮ್ಮಂಥ ಗೋಧಿ ಮತ್ತು ಕಪ್ಪು ಮೈಬಣ್ಣದವರ ಚರ್ಮದಲ್ಲಿ ಕಲೆ ಉಳಿಯುವ ಸಂಭವವೂ ಹೆಚ್ಚು.

ಇನ್ನು ಕೆಲವರು ಅಲ್ಲಾಹನ ನಾಮವನ್ನೋ ಕಲಿಮವನ್ನೋ ಬರೆಸಿಕೊಂಡು, ಇದು ಪ್ರೀತಿಯ ಕುರುಹು ಎನ್ನುತ್ತಾರೆ. ಆ ಪವಿತ್ರ ನಾಮ ಶೌಚಾಲಯಕ್ಕೂ ಅವರ ಜೊತೆಯಲ್ಲೇ ಹೋಗಬೇಕಾಗುತ್ತದೆಂಬ ಯೋಚನೆ ಅವರಿಗೆ ಬರುವುದಿಲ್ಲ. ತಾಯಿಯ ಹೆಸರಿನ ವಿಷಯವೂ ಅಷ್ಟೆ. ತಾಯಿಗೆ ಬೇಕಿರುವುದು ಮಗನ ಸೇವೆ ಮತ್ತು ದುಆ.

ಹಾಕಿಸಿಕೊಂಡಾಗಿದೆ, ಮುಂದೇನು?

ಈಗ ಆ ಹಿರಿಯರ ಮಾತಿಗೆ ಬರೋಣ. ಹಚ್ಚೆಯಿದ್ದವನ ವುಝೂ ಆಗುವುದಿಲ್ಲವೇ? ಬಣ್ಣವಿರುವುದು ಚರ್ಮದ ಒಳಗೆ. ವುಝೂವಿನಲ್ಲಿ ನೀರು ತಲುಪಬೇಕಾದದ್ದು ಚರ್ಮದ ಮೇಲ್ಮೈಗೆ. ಉಗುರುಬಣ್ಣದಂತೆ ನೀರನ್ನು ತಡೆಯುವ ಪದರ ಅಲ್ಲಿಲ್ಲ. ಗಾಯ ಮಾಗಿದ ಬಳಿಕ ತೊಳೆದರೆ ಆ ಜಾಗ ಶುದ್ಧವಾಗುತ್ತದೆಂದು ಹನಫೀ ವಿದ್ವಾಂಸರಾದ ದಮಾಸ್ಕಸ್‌ನ ಇಬ್ನ್ ಆಬಿದೀನ್ ವಿವರಿಸಿದ್ದಾರೆ. ಶಾಫಿಈ ವಿದ್ವಾಂಸರಾದ ಇಮಾಮ್ ನವವಿ ಅವರ ನಿಲುವು ಇದಕ್ಕಿಂತ ಬಿಗಿಯಾದದ್ದು. ಚಿಕಿತ್ಸೆಯಿಂದ ತೆಗೆಯಲು ಸಾಧ್ಯವಿದ್ದರೆ ತೆಗೆಯಬೇಕು ಎನ್ನುತ್ತಾರೆ. ಆದರೆ ಅಂಗಕ್ಕೆ ಹಾನಿಯಾಗುವ ಭಯವಿದ್ದರೆ ತೆಗೆಯುವುದು ಕಡ್ಡಾಯವಲ್ಲ, ಪಶ್ಚಾತ್ತಾಪ ಪಟ್ಟರೆ ಪಾಪ ಉಳಿಯದು ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಹಚ್ಚೆಯ ಕಾರಣಕ್ಕೆ ನಮಾಝನ್ನೇ ಬಿಡು ಎಂದು ಇವರಾರೂ ಹೇಳಲಿಲ್ಲ. ಆಸಿಡ್ ಸುರಿದು, ಕಾದ ಕಬ್ಬಿಣವಿಟ್ಟು ಅಳಿಸಿಕೊಳ್ಳುವ ಹುಚ್ಚು ಸಾಹಸಕ್ಕಂತೂ ಧರ್ಮದಲ್ಲಿ ಎಡೆಯೇ ಇಲ್ಲ.

ಇದಕ್ಕಿಂತ ದೊಡ್ಡ ನಿದರ್ಶನವೊಂದಿದೆ. ಪ್ರಥಮ ಖಲೀಫಾ ಅಬೂಬಕರ್ ಸಿದ್ದೀಕ್(ರ) ಅವರನ್ನು ಕಾಣಲು ತಂದೆಯೊಂದಿಗೆ ಹೋಗಿದ್ದ ಕೈಸ್ ಎಂಬವರು, ಖಲೀಫಾರ ಪತ್ನಿ ಅಸ್ಮಾ ಬಿಂತ್ ಉಮೈಸ್(ರ) ಅವರ ಕೈಯಲ್ಲಿ ಹಚ್ಚೆಯಿದ್ದುದನ್ನು ಕಂಡರೆಂಬ ವರದಿಯಿದೆ. ಬುಖಾರಿಯ ವ್ಯಾಖ್ಯಾನದಲ್ಲಿ ಇಬ್ನ್ ಹಜರ್ ಅವರು ಇದನ್ನು ಉಲ್ಲೇಖಿಸಿದ್ದಾರೆ. ನಿಷೇಧ ಬರುವ ಮುನ್ನ ಹಾಕಿಸಿಕೊಂಡದ್ದು ಕೈಯಲ್ಲಿ ಹಾಗೆಯೇ ಉಳಿದಿರಬೇಕು ಎಂಬುದು ಇಮಾಮ್ ತಬರಿ ಅವರ ವಿವರಣೆ. ಮೊದಲ ಖಲೀಫಾರ ಮನೆಯಲ್ಲಿ, ಹಿಜ್ರತ್‌ನ ಕಷ್ಟಗಳನ್ನುಂಡ ಒಬ್ಬ ಸಹಾಬಿ ಮಹಿಳೆಯ ಕೈಯಲ್ಲಿ ಹಳೆಯ ಹಚ್ಚೆ! ಅದು ಅವರ ಸ್ಥಾನವನ್ನು ಕಿಂಚಿತ್ತೂ ತಗ್ಗಿಸಲಿಲ್ಲ. ಗೊತ್ತಿಲ್ಲದೆ ಮಾಡಿದ್ದಕ್ಕೂ ಗೊತ್ತಿದ್ದೂ ಮಾಡಿದ್ದಕ್ಕೂ ವ್ಯತ್ಯಾಸವಿದೆ, ನಿಜ. ಆದರೆ ಎರಡರಲ್ಲಿಯೂ ತೌಬಾದ ಬಾಗಿಲು ತೆರೆದೇ ಇದೆ. ತಮ್ಮ ಮೇಲೆ ತಾವೇ ಅತಿರೇಕವೆಸಗಿದವರು ಕೂಡ ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬಾರದೆಂದು ಅಝ್ಝುಮರ್ ಅಧ್ಯಾಯದ 53ನೇ ಸೂಕ್ತ ಅಭಯ ನೀಡುತ್ತದೆ.

ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆಗೆ ಜಾಗ ಗುರುತಿಸಲು ವೈದ್ಯರು ಹಾಕುವ ಸಣ್ಣ ಚುಕ್ಕೆಗಳ ಬಗ್ಗೆ ರೋಗಿಗಳು ಅಂಜಬೇಕಿಲ್ಲ. ಅದು ಅಲಂಕಾರವಲ್ಲ, ಚಿಕಿತ್ಸೆಯ ಅಗತ್ಯ.

ಒಂದೇ ಹದೀಸ್, ಎರಡು ಅಳತೆ

ಅಬೂ ಜುಹೈಫಾ(ರ) ವರದಿ ಮಾಡಿದ, ಬುಖಾರಿಯಲ್ಲಿರುವ ಮತ್ತೊಂದು ಹದೀಸ್‌ನಲ್ಲಿ ಹಚ್ಚೆ ಚುಚ್ಚುವವರು ಮತ್ತು ಚುಚ್ಚಿಸಿಕೊಳ್ಳುವವರನ್ನು ಶಪಿಸಿದ ಜೊತೆಯಲ್ಲೇ ಬಡ್ಡಿ ತಿನ್ನುವವನನ್ನೂ ಬಡ್ಡಿ ಕೊಡುವವನನ್ನೂ ಶಪಿಸಲಾಗಿದೆ. ಬಡ್ಡಿಯ ವ್ಯವಹಾರ ಮಾಡುವವರು ನಮ್ಮ ನಡುವೆ ಇಲ್ಲವೇ? ಅವರ ವುಝೂ ಆಗದೆಂದು ಯಾರಾದರೂ ನಲ್ಲಿಯ ಮುಂದೆ ಕೂಗಿ ಹೇಳಿದ್ದಾರೆಯೇ? ಇಲ್ಲ. ಅವರು ಮೊದಲ ಸಾಲಿನಲ್ಲಿ ಕುಳಿತರೆ ಜಾಗ ಬಿಡುತ್ತೇವೆ. ಹಚ್ಚೆ ಕಣ್ಣಿಗೆ ಕಾಣುತ್ತದೆ, ಬಡ್ಡಿ ಕಾಣುವುದಿಲ್ಲ. ಹಾಗೆಂದು ಕಾಣುವ ಪಾಪಕ್ಕೊಂದು, ಕಾಣದ ಪಾಪಕ್ಕೊಂದು ಅಳತೆ ಹಿಡಿಯುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಆದ್ದರಿಂದ ತಂದೆತಾಯಿಯರಲ್ಲಿ ಒಂದು ವಿನಂತಿ. ಮಗ ಅಥವಾ ಮಗಳು ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಈ ವಿಷಯವನ್ನು ಮನೆಯಲ್ಲಿ ಮಾತಾಡಿ. ಆಟಗಾರರ, ನಟರ ತೋಳುಗಳನ್ನು ಮೊಬೈಲಿನಲ್ಲಿ ಅವರು ದಿನವೂ ನೋಡುತ್ತಿದ್ದಾರೆ. ಸುಮ್ಮನೆ “ಹರಾಮ್” ಎಂದು ಬಾಯಿ ಮುಚ್ಚಿಸದೆ ಕಾರಣಗಳನ್ನು ತಿಳಿಸಿ, ಪ್ರಶ್ನೆ ಕೇಳಲು ಬಿಡಿ. ಹೆಣ್ಣುಮಕ್ಕಳ ಸಿಂಗಾರದ ಆಸೆಗೆ ಮೆಹಂದಿಯಿದೆ, ಅದು ಅನುಮತಿಸಲ್ಪಟ್ಟದ್ದು. ಆದರೆ ಬೇಗ ಗಾಢವಾಗಲೆಂದು ಕೂದಲಿನ ಬಣ್ಣದ ರಾಸಾಯನಿಕ ಬೆರೆಸಿ ಮಾರುವ ಕರಿ ಮೆಹಂದಿಯನ್ನು ಮಕ್ಕಳ ಕೈಗೆ ಹಚ್ಚಬೇಡಿ, ಅದು ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸಬಲ್ಲದು. ಅಂಟಿಸುವ ತಾತ್ಕಾಲಿಕ ಚಿತ್ರಗಳು ನೀರನ್ನು ತಡೆಯುತ್ತವೆ, ಆದ್ದರಿಂದ ಅವುಗಳನ್ನು ತೆಗೆದೇ ವುಝೂ ಮಾಡಬೇಕು.

ಹಾಕಿಸಿಕೊಂಡುಬಿಟ್ಟ ಸಹೋದರ ಸಹೋದರಿಯರಲ್ಲಿಯೂ ಒಂದು ಮಾತು. ತಪ್ಪೆಂದು ಒಪ್ಪಿಕೊಳ್ಳಿ, ಮತ್ತೆ ಹಾಕಿಸಿಕೊಳ್ಳದಿರಿ, ಇದ್ದುದನ್ನು ಪ್ರದರ್ಶಿಸದಿರಿ. ಹಾನಿಯಿಲ್ಲದೆ ತೆಗೆಯಲು ಸಾಧ್ಯವೇ ಎಂದು ಚರ್ಮರೋಗ ತಜ್ಞರನ್ನು ಕೇಳಿ, ನಿಮ್ಮ ಮದ್‌ಹಬ್‌ನ ವಿದ್ವಾಂಸರ ಸಲಹೆ ಪಡೆಯಿರಿ. ಆದರೆ ಯಾರ ಮಾತಿಗೂ ನೊಂದು ನಮಾಝ್ ಬಿಡಬೇಡಿ. ಅಂದು ಸಂಜೆ ಆ ಯುವಕನಿಗೆ ನಾನು ಹೇಳಿದ್ದೂ ಇಷ್ಟೆ. ಮಗ್ರಿಬ್‌ಗೆ ಇಬ್ಬರೂ ಜೊತೆಯಾಗಿ ಮಸೀದಿಗೆ ನಡೆದೆವು. ಅವನು ತೋಳು ಮೇಲೇರಿಸಿ ವುಝೂ ಮಾಡುವವರೆಗೆ ನಾನು ಪಕ್ಕದ ನಲ್ಲಿಯಲ್ಲೇ ಕುಳಿತಿದ್ದೆ.

ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ. ಹೇಳಬೇಕಾದುದನ್ನು ಸಕಾಲದಲ್ಲಿ, ಒಳ್ಳೆಯ ರೀತಿಯಲ್ಲಿ ಹೇಳುವ ಸೌಭಾಗ್ಯವನ್ನು ನಮಗೆಲ್ಲ ಕರುಣಿಸಲಿ. ಆಮೀನ್.