ಅರ್ಧ ಅಡಿ ಮಣ್ಣಿಗೆ ಬೆರಕೆ ಸೊಪ್ಪೇ ಸರಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಹೋದ ಮಳೆಗಾಲ ಕೈತೋಟದ ಉದ್ಘಾಟನೆ ಆಯಿತು. ಸುದ್ದಿ ಬರೆದವರು ನಾವೇ. ಸಿಮೆಂಟ್ ಅಂಗಳದ ಮೇಲೆ ಇಟ್ಟಿಗೆ ಜೋಡಿಸಿ, ಅರ್ಧ ಅಡಿ ಮಣ್ಣು ತುಂಬಿದ ಏರುಮಡಿ. ಅದರಲ್ಲಿ ನುಗ್ಗೆ, ಟೊಮೆಟೊ, ಕುಂಬಳ ನೆಟ್ಟು ಎಲ್ಲರೂ ಫೋಟೊ ತೆಗೆಸಿಕೊಂಡರು. ಎರಡು ತಿಂಗಳು ಬಿಟ್ಟು ಹೋದರೆ ನುಗ್ಗೆ ಒಣಗಿ ಕಡ್ಡಿಯಾಗಿತ್ತು. ಟೊಮೆಟೊ ಮೊಣಕಾಲುದ್ದ ಬಂದು ಬಾಡಿತ್ತು. 'ಮಣ್ಣೇ ಸರಿ ಇಲ್ಲ ಸರ್' ಅಂದರು ಮೇಷ್ಟ್ರು.

ಮಣ್ಣು ಚೆನ್ನಾಗಿಯೇ ಇತ್ತು. ಆರಿಸಿದ ಗಿಡ ತಪ್ಪು. ಆ ಪ್ರಶ್ನೆಯನ್ನು ಉದ್ಘಾಟನೆಯ ದಿನ ನಾವೂ ಕೇಳಲಿಲ್ಲ.

ಗಿಡ ಆರಿಸುವಾಗ ಬೀಜದ ಪೊಟ್ಟಣದ ಚಿತ್ರ ನೋಡಬೇಡಿ, ಬೇರಿನ ಲೆಕ್ಕ ಹಾಕಿ. ಟೊಮೆಟೊ, ಬದನೆಗೆ ಒಂದು ಅಡಿಯಾದರೂ ಮಣ್ಣು ಬೇಕು. ನುಗ್ಗೆ ಮರವಾಗುವ ಗಿಡ, ಅದಕ್ಕೆ ನೆಲವೇ ಬೇಕು. ಆರರಿಂದ ಎಂಟು ಇಂಚಿನ ಮಡಿಗೆ ಹೇಳಿ ಮಾಡಿಸಿದ್ದು ಸೊಪ್ಪು: ಹರಿವೆ, ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿ, ಪುದೀನ. ದಂಟನ್ನು ಎತ್ತರಕ್ಕೆ ಬಿಡದೆ ಎಳೆಯದರಲ್ಲೇ ಕೊಯ್ಯಬೇಕು.

ಪಕ್ಕದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಸುಗುಣ' ದಂಟು 25-30 ದಿನಕ್ಕೆ ಮೊದಲ ಕೊಯ್ಲಿಗೆ ಬರುತ್ತದೆ, ಆಮೇಲೂ ಚಿಗುರುತ್ತಲೇ ಇರುತ್ತದೆ. ಮಡಿಯನ್ನು ಮೂರು ಪಾಲು ಮಾಡಿ, ಹತ್ತು ದಿನಕ್ಕೊಂದು ಪಾಲು ಬಿತ್ತಿದರೆ ಸೊಪ್ಪು ಒಂದೇ ಸಲ ಬಂದು ಮುಗಿದುಹೋಗುವುದಿಲ್ಲ.

'ಸಂತೆಯಲ್ಲಿ ಕಟ್ಟು ಸೊಪ್ಪು ಸಿಗುತ್ತಲ್ಲ, ಇದೆಲ್ಲ ಯಾಕೆ?' ಅನ್ನುವವರಿದ್ದಾರೆ. ಸಿಗುತ್ತೆ, ಸರಿ. ಆದರೆ ಮಸ್ಸೊಪ್ಪಿಗೆ ನಮ್ಮ ಅಜ್ಜಿಯರು ರಾಗಿ ಹೊಲದಿಂದ ಮಡಿಲು ತುಂಬಿ ತರುತ್ತಿದ್ದ ಬೆರಕೆ ಸೊಪ್ಪು? ಅಣ್ಣೆ, ಗಣಿಕೆ, ಹೊನಗೊನೆ, ದೊಡ್ಡಗೋಣಿ? ಕೆಲವು ಹೊಲ ಲೇಔಟ್ ಆದವು. ಉಳಿದ ಹೊಲಕ್ಕೆ ಕಳೆನಾಶಕ ಬಿತ್ತು. ಕಳೆಯ ಜೊತೆ ಸೊಪ್ಪೂ ಹೋಯಿತು. ಈಗಿನ ಮಕ್ಕಳಿಗೆ ಇವುಗಳ ಹೆಸರೂ ಗೊತ್ತಿಲ್ಲ.

ಇವೆಲ್ಲ ಹೆಚ್ಚು ಆರೈಕೆ ಕೇಳದ ಗಿಡಗಳು. ಹೊನಗೊನೆ, ದೊಡ್ಡಗೋಣಿಯ ಕಡ್ಡಿ ಊರಿದರೂ ಬೇರು ಬಿಡುತ್ತವೆ. ಬದುವಿನಲ್ಲಿ ಇನ್ನೂ ಉಳಿದಿದ್ದರೆ, ಗುರುತು ಬಲ್ಲ ಹಿರಿಯರನ್ನು ಕರೆದುಕೊಂಡು ಹೋಗಿ ನಾಲ್ಕು ಕಡ್ಡಿ ತನ್ನಿ. ಅಜ್ಜಿಗೂ ಮೊಮ್ಮಗಳಿಗೂ ಒಂದು ಬೆಳಗಿನ ಕೆಲಸ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಒಂದು ಮಡಿ ಸೊಪ್ಪಿನಿಂದ ಅದು ವಾಸಿಯಾಗುತ್ತದೆ ಎಂದು ನಾವು ಹೇಳುವುದಿಲ್ಲ. ವಾರಕ್ಕೆ ಎರಡು ದಿನ ಮುದ್ದೆಯ ಜೊತೆ ಬಸ್ಸಾರೋ ಮಸ್ಸೊಪ್ಪೋ ಇದ್ದರೆ ಒಳ್ಳೆಯದು ಅನ್ನುವುದಕ್ಕೆ ಮಾತ್ರ ಯಾರ ತಕರಾರೂ ಇರಲಾರದು.

ಎರಡು ಎಚ್ಚರಿಕೆ. ತೆಳು ಮಡಿ ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ನೀರು ಬೇಕು. ನೀರು ಹೊರಹೋಗಲು ಇಟ್ಟಿಗೆ ನಡುವೆ ಸಂದು ಬಿಡಿ. ಇನ್ನೊಂದು, ಕಾರ್ಖಾನೆ ಕೊಳಚೆ ಸೇರುವ ಕೆರೆಯ ಗೋಡು ತರಬೇಡಿ. ಅದರಲ್ಲಿರುವ ವಿಷ ಸೊಪ್ಪಿಗೂ ಏರಬಹುದು. ಹೊಲದ ಕೆಂಪು ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು.

ಶಾಲೆಗೆ, ಅಂಗನವಾಡಿಗೆ ಬೀಜದ ಕಿಟ್ ಹಂಚುವವರಿಗೆ ನಮ್ಮದು ಒಂದೇ ಮಾತು: ಕಿಟ್ ಕೊಡುವ ಮುಂಚೆ ಮಡಿಗೆ ಒಂದು ಸ್ಕೇಲು ಇಟ್ಟು ನೋಡಿ. ನಾವೂ ಇನ್ನು ಮುಂದೆ ಉದ್ಘಾಟನೆಯ ಫೋಟೊ ಜೊತೆಗೆ, ಎರಡು ತಿಂಗಳ ನಂತರದ ಫೋಟೊ ಕೂಡ ಹಾಕುತ್ತೇವೆ.